ರಾಕ್ಷಸರನ್ನು ಬರೆದು ಸಂಸಾರ ಮಾಡಬಹುದೇ?

ಓದುಗರ ಪ್ರಶ್ನೆ, ಅತಿಥಿಯ ಉತ್ತರ. ಪುಸ್ತಕದ ಮುಖಪುಟ, ಮಕ್ಕಳ ಕಥೆ ಮತ್ತು ಕಾರ್ಡ್ ಗೇಮ್‌ಗಳಿಗೆ ಫ್ಯಾಂಟಸಿ ಚಿತ್ರ ಬರೆಯುವ ಶಿರಸಿಯ ಇಲಸ್ಟ್ರೇಟರ್ ಈ ತಿಂಗಳು ಉತ್ತರಿಸಿದ್ದಾರೆ.

*

ಪ್ರಶ್ನೆ: ಅಕ್ಕಾ, ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೇನೆ. ಡ್ರ್ಯಾಗನ್, ಗಂಡಭೇರುಂಡ, ಮತ್ಸ್ಯಕನ್ಯೆ ಇಂಥದ್ದನ್ನೇ ಬರೆಯುತ್ತೇನೆ. ಮನೆಯಲ್ಲಿ ‘ಬಿ.ಎಡ್. ಮಾಡು, ಚಿತ್ರ ಹವ್ಯಾಸಕ್ಕೆ ಇರಲಿ’ ಅನ್ನುತ್ತಾರೆ. ನಿಮಗೆ ಮೊದಲ ಅವಕಾಶ ಸಿಕ್ಕಿದ್ದು ಹೇಗೆ? ‘ನಾನು ಇಲಸ್ಟ್ರೇಟರ್’ ಎಂದು ಯಾವಾಗ ಹೇಳಿಕೊಳ್ಳಬಹುದು?
– ವಿದ್ಯಾರ್ಥಿನಿ, ಕುಮಟಾ

ಬಿ.ಎಡ್. ಮಾಡಬೇಡ ಎಂದು ನಾನಂತೂ ಹೇಳುವುದಿಲ್ಲ ತಂಗಿ. ಶಾಲೆ ಮಧ್ಯಾಹ್ನ ಬಿಡುವ ಶನಿವಾರ, ಏಪ್ರಿಲ್-ಮೇ ರಜೆ, ತಿಂಗಳಿಗೊಮ್ಮೆ ಸಂಬಳ. ಚಿತ್ರ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ನೌಕರಿ ನನಗೆ ಗೊತ್ತಿಲ್ಲ. ಮನೆಯವರ ಹತ್ತಿರ ಜಗಳ ಆಡಿ ಬೆಂಗಳೂರಿಗೆ ಹೋದವರೂ ಗೊತ್ತು, ಜಗಳ ಆಡದೆ ಇಲ್ಲೇ ಕೂತು ಬರೆದವರೂ ಗೊತ್ತು. ಜಗಳಕ್ಕೂ ಚಿತ್ರದ ಗುಣಕ್ಕೂ ಸಂಬಂಧ ಕಂಡಿಲ್ಲ.

ನನ್ನ ಶುರುವಾತು ಶಿರಸಿ ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ. ಮದುವೆ ಕಾಗದ, ಸತ್ಯನಾರಾಯಣ ಕಥೆಯ ಕರೆಯೋಲೆ, ಯಕ್ಷಗಾನದ ಕರಪತ್ರ ಜೋಡಿಸುವುದು. ಒಂದು ಸಲ ದೇವೀ ಮಹಾತ್ಮೆ ಆಟದ ಕರಪತ್ರಕ್ಕೆ ಅವರು ತಂದುಕೊಟ್ಟ ಮಹಿಷಾಸುರನ ಫೋಟೊ ಮಸಿ ಮೆತ್ತಿದ ಹಾಗೆ ಕಪ್ಪಾಗಿತ್ತು. ಸಂಜೆಯೊಳಗೆ ಛಾಪಿಸಬೇಕು. ‘ನಾನೇ ಬರೀಲಾ?’ ಅಂದೆ. ಅಂಗಡಿಯ ಯಜಮಾನರಿಗೆ ಕರಪತ್ರ ಹೊರಟರೆ ಸಾಕಿತ್ತು, ಬರಿ ಅಂದರು. ಅದಕ್ಕೆ ಬೇರೆ ದುಡ್ಡೇನೂ ಬರಲಿಲ್ಲ. ಆದರೆ ಮುಂದಿನ ಮಳೆಗಾಲ ಮುಗಿದು ಆಟಗಳು ಮತ್ತೆ ಶುರುವಾದಾಗ ಅದೇ ಜನ ಬಂದು, ‘ಕಳೆದ ಸಲ ಕ್ವಾಣನ ಬರೆದ ಕೂಸು ಯಾರು? ಈ ಸಲವೂ ಅದರ ಹತ್ತಿರವೇ ಬರೆಸಿ’ ಅಂದರು. ಈ ಸಲ ದುಡ್ಡು ಕೇಳಿದೆ, ಕೊಟ್ಟರು.

ಜನ ಮೈಲಿಗಲ್ಲು ಅಂದಾಗ ಪ್ರಶಸ್ತಿ, ವಿದೇಶದ ಕೆಲಸ, ಪತ್ರಿಕೆಯಲ್ಲಿ ಫೋಟೊ ಎಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಆ ಎರಡನೇ ಮಹಿಷಾಸುರನೇ ದೊಡ್ಡದು. ಮೊದಲ ಕೆಲಸ ಪರಿಚಯದಿಂದ ಬರುತ್ತದೆ, ಗಡಿಬಿಡಿಯಿಂದ ಬರುತ್ತದೆ, ಬೇರೆ ಯಾರೂ ಸಿಗಲಿಲ್ಲ ಎಂತಲೂ ಬರುತ್ತದೆ. ಅದೇ ಮನುಷ್ಯ ಎರಡನೇ ಸಲ ಬಂದರೆ ನಿನ್ನ ಗೆರೆ ಹಿಡಿಸಿದೆ, ನೀನು ಹೇಳಿದ ದಿನಕ್ಕೆ ಕೊಟ್ಟಿದ್ದೀಯಾ, ಕೇಳಿದ ಬೆಲೆ ಅವರಿಗೆ ಭಾರವಾಗಲಿಲ್ಲ ಎಂಬ ಮೂರೂ ಒಟ್ಟಿಗೆ ತಿಳಿಯುತ್ತದೆ. ‘ಇಲಸ್ಟ್ರೇಟರ್’ ಎಂಬ ಬೋರ್ಡು ಬೇಕಿದ್ದರೆ ಅವತ್ತು ಹಾಕಿಕೊ. ಹಾಕಿಕೊಳ್ಳದಿದ್ದರೂ ಬಿಲ್ಲು ಮಾತ್ರ ಬರೆದು ಕೊಡು.

*

ಪ್ರಶ್ನೆ: ಕೈಗಾದಲ್ಲಿ ಗುತ್ತಿಗೆ ಕೆಲಸ, ರಾತ್ರಿ ಡಿಜಿಟಲ್ ಪೇಂಟಿಂಗ್. ಚಿತ್ರಕಾರರು ಕೆಲಸ ತೋರಿಸುವ ಆರ್ಟ್‌ಸ್ಟೇಷನ್ ಜಾಲತಾಣದಲ್ಲಿ ನಲವತ್ತಕ್ಕೂ ಹೆಚ್ಚು ಚಿತ್ರ ಹಾಕಿದ್ದೇನೆ. ವಿದೇಶದ ಕಾರ್ಡ್ ಗೇಮ್ ಕಂಪನಿಗಳಿಗೆ ಬರೆಯಬೇಕೆಂಬ ಆಸೆ. ಮೇಲ್ ಕಳಿಸಿದರೆ ಉತ್ತರವೇ ಇಲ್ಲ. ಒಬ್ಬರು ಮಾತ್ರ ‘ಸದ್ಯಕ್ಕೆ ಬೇಡ’ ಎಂದರು. ಕೈಬಿಡಲೇ?
– ಯುವ ಎಂಜಿನಿಯರ್, ಕಾರವಾರ

ನಿಮ್ಮ ಪುಟ ನೋಡಿದೆ. ನಲವತ್ತರಲ್ಲಿ ಮೂವತ್ತು ತೆಗೆದುಹಾಕಿ. ಸಿಟ್ಟಾಗಬೇಡಿ. ಕಂಪನಿಯಲ್ಲಿ ಚಿತ್ರಕಾರರನ್ನು ಆರಿಸಿ ಕೆಲಸ ಹಂಚುವ ಆರ್ಟ್ ಡೈರೆಕ್ಟರ್ ಎಂಬ ಪ್ರಾಣಿ ನಿಮ್ಮ ಒಳ್ಳೆಯ ಚಿತ್ರ ನೋಡಿ ಕೆಲಸ ಕೊಡುವುದಿಲ್ಲ, ಕೆಟ್ಟ ಚಿತ್ರ ನೋಡಿ ಹೆದರುತ್ತದೆ. ‘ನಾನು ಕೆಲಸ ಕೊಟ್ಟರೆ ಇವನು ಯಾವುದರ ಹಾಗೆ ಬರೆದುಕೊಡುತ್ತಾನೋ’ ಎಂಬ ಅಂಜಿಕೆ. ಹತ್ತು ಇರಲಿ, ಹತ್ತೂ ಒಂದೇ ಕೈ ಬರೆದದ್ದು ಎಂದು ಕಾಣಲಿ.

ನಿಮ್ಮ ಚಿತ್ರಗಳಲ್ಲಿ ಒಬ್ಬ ವೀರ ಕತ್ತಿ ಹಿಡಿದು ನಿಂತಿರುತ್ತಾನೆ, ಹಿಂದೆ ಮಂಜು. ಎಲ್ಲದರಲ್ಲೂ ಮಂಜು! ಕಾರವಾರದಲ್ಲಿ ಅಷ್ಟು ಮಂಜು ಎಲ್ಲಿಂದ ಬಂತು ಮಾರಾಯರೇ? ಹಿನ್ನೆಲೆ ಬರೆಯಲು ಬೇಸರವಾದರೆ ಮಂಜು ಬರುತ್ತದೆ ಎಂಬುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು, ನೋಡುವವರಿಗೂ ಗೊತ್ತು. ಕಾರ್ಡ್ ಕಂಪನಿಗೆ ಬೇಕಾದದ್ದು ಘಟನೆ. ಇಬ್ಬರು ಇರಬೇಕು, ಒಬ್ಬರ ಕೈ ಇನ್ನೊಬ್ಬರನ್ನು ಹಿಡಿದಿರಬೇಕು, ಎಳೆಯುತ್ತಿರಬೇಕು, ಏನೋ ಒಂದು ಆಗುತ್ತಿರಬೇಕು. ಜೇಬಿನಲ್ಲಿ ಕೈ ಇಟ್ಟುಕೊಂಡ ಮಾಂತ್ರಿಕನನ್ನು ಕಂಡರೆ ಅವರಿಗೆ ಮೊದಲು ಹೊಳೆಯುವುದು ‘ಇವನಿಗೆ ಕೈ ಬರೆಯಲು ಬರುವುದಿಲ್ಲ’ ಎಂದೇ.

ಇನ್ನೊಂದು, ಅಳತೆ. ಚಾಲ್ತಿಯಲ್ಲಿರುವ ಇಂಥ ಕಾರ್ಡಿನ ಅಳತೆ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಎತ್ತರ. ಹೆಸರು, ನಿಯಮ ಎಲ್ಲ ಹೋಗಿ ಚಿತ್ರಕ್ಕೆ ಉಳಿಯುವ ಕಿಟಕಿ ಸುಮಾರು ಐದು ಸೆಂಟಿಮೀಟರ್ ಅಗಲ. ನೀವು ಕಂಪ್ಯೂಟರಿನ ಪರದೆ ತುಂಬ ಬರೆದ ಡ್ರ್ಯಾಗನ್‌ನ ಒಂದೊಂದು ಹುರುಪೆ ಅಲ್ಲಿ ಧೂಳಿನಂತೆ ಕಾಣುತ್ತದೆ. ಬರೆಯುತ್ತಿರುವಾಗಲೇ ಚಿತ್ರವನ್ನು ಅಂಚೆಚೀಟಿಯಷ್ಟು ಸಣ್ಣದು ಮಾಡಿ, ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂದು ಆಗಲೂ ತಿಳಿದರೆ ಮುಂದುವರಿಸಿ. ತಿಳಿಯದಿದ್ದರೆ ಎಷ್ಟು ತಿದ್ದಿದರೂ ದಂಡ.

‘ಸದ್ಯಕ್ಕೆ ಬೇಡ’ ಅಂದರೆ ಅಷ್ಟೇ ಅರ್ಥ. ನಿಮ್ಮ ಹೆಸರು ಅವರ ಯಾವುದೋ ಪಟ್ಟಿಯಲ್ಲಿ ಕೂತಿರಬಹುದು. ಮುಂದಿನ ಮೇಲ್ ಅನ್ನು ಹೊಸ ಚಿತ್ರಗಳಾದ ಮೇಲೆ ಕಳಿಸಿ. ನಾಲ್ಕೇ ಸಾಲು, ಒಂದು ಲಿಂಕ್. ‘ಬಾಲ್ಯದಿಂದಲೂ ನನಗೆ ಚಿತ್ರಕಲೆಯಲ್ಲಿ ಆಸಕ್ತಿ’ ಎಂಬ ವಾಕ್ಯ ಬೇಡ.

*

ಪ್ರಶ್ನೆ: ಹೊಸಬರಿಗೆ ಚಿಕ್ಕ ಎರಡು ಪ್ರಶ್ನೆ. ಯಾವ ಟ್ಯಾಬ್ಲೆಟ್ ಕೊಳ್ಳಬೇಕು? ಮಳೆಗಾಲದಲ್ಲಿ ಕರೆಂಟ್ ಇಲ್ಲದೆ ನೀವು ಹೇಗೆ ಕೆಲಸ ಮಾಡುತ್ತೀರಿ?
– ಓದುಗ, ಭಟ್ಕಳ

ಪರದೆ ಇಲ್ಲದ, ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಪೆನ್ ಟ್ಯಾಬ್ಲೆಟ್ ಸಾಕು. ಕೃತಾ ಎಂಬ ಪೇಂಟಿಂಗ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಉಳಿದ ದುಡ್ಡನ್ನು ಬ್ಯಾಟರಿಗೆ ಹಾಕಿ. ಜೂನ್-ಜುಲೈಗೆ ನಾನು ಗಡುವು ಒಪ್ಪಿಕೊಳ್ಳುವಾಗಲೇ ಬೇರೆ ತಿಂಗಳಿಗಿಂತ ಹೆಚ್ಚು ದಿನ ಕೇಳುತ್ತೇನೆ. ಕಾರಣ ಕೇಳಿದರೆ ‘ಇಲ್ಲಿ ಮರ ಬಿದ್ದು ಲೈನ್ ಹೋಗುತ್ತದೆ’ ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಅಮೆರಿಕದ ಒಬ್ಬರು ಅದನ್ನು ಓದಿ, ಬಿದ್ದ ಮರದ ಫೋಟೊ ಕೇಳಿದ್ದರು. ಅಪನಂಬಿಕೆಯಿಂದಲ್ಲ, ಆಸೆಯಿಂದ!

*

ಪ್ರಶ್ನೆ: ಒಂದು ಪುಸ್ತಕಕ್ಕೆ ಎರಡು ಸಾವಿರ ರೂಪಾಯಿಗೆ ಮುಖಪುಟ ಬರೆದುಕೊಟ್ಟೆ. ನೀರಿನಿಂದೆದ್ದ ಯಕ್ಷಿಯ ಚಿತ್ರ. ಪುಸ್ತಕದಲ್ಲಿ ನನ್ನ ಹೆಸರಿಲ್ಲ. ಈಗ ಅದೇ ಯಕ್ಷಿ ಟೀ ಶರ್ಟ್ ಮೇಲೆ, ಕ್ಯಾಲೆಂಡರ್ ಮೇಲೆ ಬಂದಿದ್ದಾಳೆ. ಕೇಳಿದರೆ ‘ದುಡ್ಡು ಕೊಟ್ಟಾಯ್ತಲ್ಲ’ ಎನ್ನುತ್ತಾರೆ. ಕರಾರು ಏನೂ ಬರೆದಿರಲಿಲ್ಲ. ಕಾನೂನು ಏನು ಹೇಳುತ್ತದೆ?
– ಚಿತ್ರಕಾರ, ಸಿದ್ದಾಪುರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಗೋಳು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ವಕೀಲೆಯಲ್ಲ, ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ನಾಲ್ಕಾರು ಕಲಮುಗಳನ್ನು ಚಿತ್ರಕಾರರು ಬಾಯಿಪಾಠ ಮಾಡಿಕೊಳ್ಳಲೇಬೇಕು.

ಚಿತ್ರ ಬರೆದವರೇ ಅದರ ಮೊದಲ ಹಕ್ಕುದಾರರು ಎಂಬುದು ಮೂಲ ನಿಯಮ. ಆದರೆ 17ನೇ ಕಲಮಿನಲ್ಲಿ ಕೆಲವು ವಿನಾಯಿತಿಗಳಿವೆ. ನೌಕರಿಯಲ್ಲಿದ್ದು ಆ ನೌಕರಿಯ ಭಾಗವಾಗಿ ಬರೆದರೆ ಹಕ್ಕು ಮಾಲೀಕರದು. ಇದು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು: ಹಣ ಕೊಟ್ಟು, ಇಂಥದ್ದು ಬರೆದುಕೊಡಿ ಎಂದು ಹೇಳಿ ಬರೆಸಿದ ಪೇಂಟಿಂಗ್ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಅಂದರೆ ಕರಾರಿಲ್ಲದೆ ಬಾಯಿಮಾತಿನಲ್ಲಿ ಮುಗಿದ ವ್ಯವಹಾರದಲ್ಲಿ ತಕ್ಕಡಿ ಅವರ ಕಡೆಗೇ ವಾಲುವ ಸಂಭವ ಹೆಚ್ಚು. ಟೀ ಶರ್ಟ್ ವಿಷಯಕ್ಕೆ ಕೋರ್ಟಿಗೆ ಹೋಗುವ ಮೊದಲು ವಕೀಲರಿಗೆ ನಿಮ್ಮ ವಾಟ್ಸ್‌ಆ್ಯಪ್ ಸಂದೇಶಗಳನ್ನೆಲ್ಲ ತೋರಿಸಿ. ‘ಮುಖಪುಟಕ್ಕೆ ಮಾತ್ರ’ ಎಂದು ಎಲ್ಲಾದರೂ ಅವರೋ ನೀವೋ ಬರೆದಿದ್ದರೆ ಅದು ಬಂಗಾರ.

ಹೆಸರಿನ ವಿಷಯ ಬೇರೆ. 57ನೇ ಕಲಮಿನ ಪ್ರಕಾರ, ಹಕ್ಕನ್ನೆಲ್ಲ ಮಾರಿದ ಮೇಲೂ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ. ಚಿತ್ರವನ್ನು ವಿರೂಪ ಮಾಡಿ ನಿಮ್ಮ ಮಾನಕ್ಕೆ ಕುಂದು ತಂದರೆ ಅದನ್ನು ತಡೆಯುವ ಹಕ್ಕೂ ಇದೆ. ಹಾಗಾಗಿ ಜಗಳವನ್ನು ಟೀ ಶರ್ಟಿನಿಂದ ಶುರು ಮಾಡಬೇಡಿ, ಹೆಸರಿನಿಂದ ಶುರು ಮಾಡಿ. ‘ಮುಂದಿನ ಮುದ್ರಣದಲ್ಲಿ ಹೆಸರು ಹಾಕಿ’ ಎಂದು ಬರವಣಿಗೆಯಲ್ಲಿ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ, ಖರ್ಚಿಲ್ಲವಲ್ಲ. ಒಮ್ಮೆ ಹೆಸರು ಒಪ್ಪಿದವರ ಜೊತೆ ದುಡ್ಡಿನ ಮಾತು ಆಡುವುದು ಸುಲಭ.

ಮುಂದಿನ ಸಲಕ್ಕೆ ಅರ್ಧ ಪುಟದ ಕರಾರು ಸಾಕು. ಚಿತ್ರ ಯಾವುದಕ್ಕೆ, ಎಷ್ಟು ವರ್ಷಕ್ಕೆ, ಯಾವ ಯಾವ ಊರು-ದೇಶಕ್ಕೆ, ಎಷ್ಟು ಸಲ ತಿದ್ದಿಕೊಡಬೇಕು, ಅರ್ಧಕ್ಕೆ ಬಿಟ್ಟರೆ ಎಷ್ಟು ಕೊಡಬೇಕು, ಹೆಸರು ಎಲ್ಲಿ ಹಾಕಬೇಕು. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಡನೆ ಇರಬೇಕು ಎಂದು 19ನೇ ಕಲಮು ಹೇಳುತ್ತದೆ. ವರ್ಷ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಅದೇ ಕಲಮು ಅರ್ಥ ಮಾಡಿಕೊಳ್ಳುತ್ತದೆ. ನಮ್ಮ ಕಡೆ ಕರಾರು ಎಂದರೆ ‘ನನ್ನ ಮೇಲೆ ವಿಶ್ವಾಸ ಇಲ್ವಾ?’ ಎಂದು ಮುಖ ಸಣ್ಣ ಮಾಡುತ್ತಾರೆ. ಅಡಿಕೆ ವ್ಯಾಪಾರದಲ್ಲಿ ತೂಕದ ಚೀಟಿ ಇಲ್ಲದೆ ಚೀಲ ಎತ್ತದವರು, ಚಿತ್ರಕ್ಕೆ ಬಂದಾಗ ಮಾತ್ರ ವಿಶ್ವಾಸದ ಮಾತು ತೆಗೆಯುತ್ತಾರೆ. ನಾನು ನಗುತ್ತಾ ಕಾಗದ ಮುಂದಿಡುತ್ತೇನೆ.

*

ಪ್ರಶ್ನೆ: ನಿಮಗೆ ಆದ ದೊಡ್ಡ ಹಿನ್ನಡೆ ಯಾವುದು?
– ಗೃಹಿಣಿ, ಯಲ್ಲಾಪುರ

ಬರೆದದ್ದನ್ನು ತೋರಿಸಲಾಗದೇ ಹೋದದ್ದು.

ಹೊರದೇಶದ ಒಂದು ಸಣ್ಣ ಸಂಸ್ಥೆ, ಆಟಗಾರರಿಂದಲೇ ಮುಂಗಡ ಹಣ ಎತ್ತಿ ಕಾರ್ಡ್ ಗೇಮ್ ಮಾಡುತ್ತಿತ್ತು. ಕಡಲಡಿಯ ಜನಾಂಗವೊಂದನ್ನು ಇಡಿಯಾಗಿ ನನಗೆ ಕೊಟ್ಟಿದ್ದರು: ಅವರ ರಾಣಿ, ಬೇಟೆಗಾರರು, ಮುದುಕರು, ಸಾಕುಪ್ರಾಣಿ. ಅಲ್ಲಿಯವರೆಗೆ ನಾನು ಬರೆದದ್ದರಲ್ಲೇ ಅದು ಒಳ್ಳೆಯದಿತ್ತು. ಪ್ರಕಟವಾಗುವವರೆಗೆ ಯಾರಿಗೂ ತೋರಿಸಬಾರದು ಎಂಬ ಗೌಪ್ಯತೆಯ ಕರಾರಿಗೆ ಸಹಿ ಹಾಕಿದ್ದೆ. ಅದು ಈ ಕಸುಬಿನಲ್ಲಿ ಮಾಮೂಲು. ಕಾರ್ಡ್ ಮುದ್ರಣಕ್ಕೆ ಹೋಗುವ ಮೊದಲೇ ಸಂಸ್ಥೆ ಮುಚ್ಚಿತು. ಕೊನೆಯ ಕಂತು ಬರಲಿಲ್ಲ. ಅದಕ್ಕಿಂತ ಕಷ್ಟವಾದದ್ದು, ಹೊಸ ಕೆಲಸ ಕೇಳಿದಲ್ಲೆಲ್ಲ ‘ಇತ್ತೀಚೆಗೆ ಏನು ಮಾಡಿದ್ದೀರಿ?’ ಎಂಬ ಪ್ರಶ್ನೆಗೆ ನನ್ನ ಬಳಿ ತೋರಿಸಲು ಹಳೆಯ ಚಿತ್ರ ಮಾತ್ರ ಇತ್ತು. ‘ಪ್ರಕಟವಾಗುವವರೆಗೆ’ ಎಂದು ಬರೆದಿದೆ, ಪ್ರಕಟವಾಗುವುದೇ ಇಲ್ಲ. ಯಾರ ಅನುಮತಿ ಕೇಳುವುದು? ಇದ್ದಬದ್ದ ವಿಳಾಸಗಳಿಗೆಲ್ಲ ಬರೆದೆ. ಒಂದೆರಡಕ್ಕೆ ಒಪ್ಪಿಗೆ ಬಂತು. ಉಳಿದವು ನನ್ನ ಹಾರ್ಡ್ ಡಿಸ್ಕಿನಲ್ಲೇ ಇವೆ, ರಾಣಿಯೂ ಅಲ್ಲೇ ಇದ್ದಾಳೆ.

ಈಗ ನಾನು ಗೌಪ್ಯತೆಯ ಕರಾರು ಬಂದ ಕೂಡಲೇ ಒಂದು ಸಾಲು ಸೇರಿಸಲು ಕೇಳುತ್ತೇನೆ: ಪ್ರಕಟಣೆಯಾದ ದಿನ, ಇಲ್ಲವೇ ಚಿತ್ರ ಒಪ್ಪಿಸಿ ಇಷ್ಟು ತಿಂಗಳು, ಯಾವುದು ಮೊದಲೋ ಅಂದಿನಿಂದ ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದು. ದೊಡ್ಡ ಕಂಪನಿಗಳು ಒಪ್ಪುವುದಿಲ್ಲ. ಸಣ್ಣವರು ಒಪ್ಪುತ್ತಾರೆ, ಮುಚ್ಚಿಹೋಗುವುದೂ ಸಣ್ಣವರೇ.

*

ಪ್ರಶ್ನೆ: ಫ್ಯಾಂಟಸಿ ಅಂದರೆ ಎಲ್ಲರೂ ಕೋಟೆ, ಡ್ರ್ಯಾಗನ್, ಉದ್ದ ಕಿವಿಯ ಜನರನ್ನು ಬರೆಯುತ್ತಾರೆ. ನಮ್ಮ ನೆಲದ್ದನ್ನೇ ಬರೆಯಬೇಕು ಎಂದು ಇನ್ನು ಕೆಲವರು ಉಪದೇಶ ಮಾಡುತ್ತಾರೆ. ನೀವು ಯಾವ ಪಕ್ಷ?
– ಡ್ರಾಯಿಂಗ್ ಶಿಕ್ಷಕರು, ಹೊನ್ನಾವರ

ಸರ್, ಎರಡೂ ಪಕ್ಷದವರ ಚಿತ್ರ ನೋಡಿದ್ದೇನೆ. ಡ್ರ್ಯಾಗನ್ ತಲೆಗೆ ಯಕ್ಷಗಾನದ ಕಿರೀಟ ಅಂಟಿಸಿ ‘ನಮ್ಮ ಸಂಸ್ಕೃತಿ’ ಎನ್ನುವ ಚಿತ್ರಗಳಿಗಿಂತ, ನೆಟ್ಟಗೆ ಬರೆದ ಪರದೇಶಿ ಡ್ರ್ಯಾಗನ್ನೇ ನನಗೆ ಇಷ್ಟ. ಕಿರೀಟ ಅಂಟಿಸುವವರು ಆ ಕಿರೀಟ ತಲೆಯ ಮೇಲೆ ಹೇಗೆ ನಿಲ್ಲುತ್ತದೆ ಎಂದು ನೋಡಿರುವುದಿಲ್ಲ.

ನಿಮ್ಮ ತಾಲ್ಲೂಕಿನ ಗುಣವಂತೆಯಲ್ಲೇ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳವಿದೆ. ನಿಮ್ಮ ಮಕ್ಕಳನ್ನು ಆಟಕ್ಕೆ ಕರೆದುಕೊಂಡು ಹೋಗಿ, ಆದರೆ ರಂಗಸ್ಥಳದ ಎದುರು ಕೂರಿಸಬೇಡಿ. ಅಪ್ಪಣೆ ಕೇಳಿ ಚೌಕಿಯಲ್ಲಿ ಕೂರಿಸಿ. ವೇಷ ಕಟ್ಟುವುದನ್ನು ನೋಡಲಿ. ಮೊದಲು ತಲೆಗೆ ಬಟ್ಟೆ ಬಿಗಿಯುತ್ತಾರೆ. ಎದೆಕಟ್ಟು, ಭುಜಕೀರ್ತಿ ಒಂದೊಂದಕ್ಕೂ ದಾರ ಇದೆ, ಆ ದಾರ ಬೆನ್ನ ಹಿಂದೆ ಎಲ್ಲಿ ಹೋಗಿ ಗಂಟಾಗುತ್ತದೆ ನೋಡಲಿ. ಲೋಹದಂತೆ ಹೊಳೆಯುವುದು ಹಗುರ ಮರ, ಮೇಲೆ ಬೇಗಡೆ. ಇಷ್ಟೆಲ್ಲ ಹೊತ್ತ ಮನುಷ್ಯ ಮಂಡಿ ತಿರುಗುವಾಗ ಯಾವುದು ಮೈಗೆ ಅಂಟಿಕೊಂಡಿರುತ್ತದೆ, ಯಾವುದು ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತದೆ ಎಂದು ಕಣ್ಣಿಗೆ ಬಿದ್ದರೆ, ಆಮೇಲೆ ಆ ಹುಡುಗ ಯಾವ ದೇಶದ ರಕ್ಕಸನಿಗೆ ಯಾವ ಕವಚ ತೊಡಿಸಿದರೂ ಅದು ನಿಜ ಅನ್ನಿಸುತ್ತದೆ. ಇಲ್ಲದ ವಸ್ತುವಿಗೆ ತೂಕ ಕೊಡುವುದೇ ನಮ್ಮ ಕಸುಬು.

ಕಡಲ ಜನಾಂಗದ ಕೆಲಸ ಬಂದಾಗ ನಾನು ಕಾರವಾರದ ಮೀನು ಪೇಟೆಯಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕೂರುತ್ತಿದ್ದೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಮಾರುವ ಹೆಂಗಸರಿಗೆ ಅದು ಹೇಗೋ ಗೊತ್ತಾಗಿ, ‘ತಿಂಬೂದಿಲ್ಲ, ತಕಂಬೂದಿಲ್ಲ, ಬರೇ ನೋಡೂಕೆ ಬಂದ್ಯೇ?’ ಎಂದು ಕಾಡಿಸುತ್ತಿದ್ದರು. ಆದರೆ ಬುಟ್ಟಿಯಿಂದ ಒಂದು ಬಂಗಡೆ ತೆಗೆದು ಎದುರಿಗೆ ಇಟ್ಟವರೂ ಅವರೇ. ಹೊಸ ಬಂಗಡೆಯ ಬೆನ್ನು ನೀಲಿ-ಹಸಿರು, ಅದರ ಮೇಲೆ ಉದ್ದಕ್ಕೆ ಕಪ್ಪು ಗೆರೆಗಳು, ಹೊಟ್ಟೆ ಬೆಳ್ಳಿ. ನೋಡುತ್ತಿದ್ದ ಹಾಗೇ ಆ ಹಸಿರು ಬೂದಿಗೆ ತಿರುಗುತ್ತದೆ. ಮೇಲಿಂದ ನೋಡಿದರೆ ಕಪ್ಪು ನೀರಿನಲ್ಲಿ, ಕೆಳಗಿಂದ ನೋಡಿದರೆ ಬೆಳಕಿನಲ್ಲಿ ಮರೆಯಾಗಲು ಮೀನಿಗೆ ಈ ಬಣ್ಣ. ನನ್ನ ಬೇಟೆಗಾರರಿಗೆ ಬೆನ್ನು ಕಡು ಹಸಿರು, ಹೊಟ್ಟೆ ಬೆಳ್ಳಿ ಬಂದದ್ದು ಹಾಗೆ. ಸತ್ತವರನ್ನು ಬರೆಯುವಾಗ ಬೆನ್ನಿನ ಹಸಿರು ತೆಗೆದೆ, ಅಷ್ಟೇ. ರಕ್ತ ಬೇಕಾಗಲಿಲ್ಲ. ಆರ್ಟ್ ಡೈರೆಕ್ಟರ್‌ಗೆ ಬಂಗಡೆ ಗೊತ್ತಿರಲಿಲ್ಲ, ಚಿತ್ರ ಅರ್ಥವಾಯಿತು.

ಇನ್ನು ಮಕ್ಕಳಿಗೆ ಆಕಾರ ಕಲಿಸಲು ಶಿರಸಿಗೆ ಕರೆತನ್ನಿ. ಮಾರಿಕಾಂಬೆಯ ದೇವಸ್ಥಾನದ ಗೋಡೆಯಲ್ಲಿ ಕಾವಿ ಕಲೆ ಇದೆ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಹಸಿ ಇರುವಾಗಲೇ ಕೆರೆದು ತೆಗೆಯುವುದು. ಕೆರೆದಲ್ಲಿ ಅಡಿಯ ಬಿಳಿ ಕಾಣುತ್ತದೆ. ಇರುವುದು ಎರಡೇ ಬಣ್ಣ, ನೆರಳಿಲ್ಲ, ಮಂಜಂತೂ ಇಲ್ಲವೇ ಇಲ್ಲ. ಆದರೂ ದೂರದಿಂದಲೇ ಯಾವ ದೇವರು, ಏನು ಮಾಡುತ್ತಿದ್ದಾನೆ ಎಂದು ತಿಳಿಯುತ್ತದೆ. ಮೇಲೆ ಕಾರವಾರದವರಿಗೆ ಅಂಚೆಚೀಟಿಯ ಪರೀಕ್ಷೆ ಹೇಳಿದೆನಲ್ಲ, ಆ ಪರೀಕ್ಷೆಯಲ್ಲಿ ಈ ಗೋಡೆ ಎಂದೋ ಪಾಸಾಗಿದೆ. ಬಿಡುವಿದ್ದರೆ ಹೋಗುವಾಗ ಯಾಣಕ್ಕೂ ಹೋಗಿ. ಭೈರವೇಶ್ವರ ಶಿಖರ 120 ಮೀಟರ್ ಎತ್ತರ. ಫೋಟೊದಲ್ಲಿ ಅದು ಬರೀ ಕಪ್ಪು ಕಲ್ಲು. ಬುಡದಲ್ಲಿ ಒಬ್ಬ ಮನುಷ್ಯ ನಿಂತ ಕೂಡಲೇ ಎದೆ ಝಲ್ಲೆನ್ನುತ್ತದೆ. ದೈತ್ಯನನ್ನು ದೊಡ್ಡದಾಗಿ ಬರೆದರೆ ದೈತ್ಯನಾಗುವುದಿಲ್ಲ, ಪಕ್ಕದಲ್ಲಿ ಸಣ್ಣದೊಂದು ಬೇಕು ಎಂದು ಹುಡುಗರಿಗೆ ಅಲ್ಲೇ ತೋರಿಸಬಹುದು.

*

ಪ್ರಶ್ನೆ: ಮಗ ಪಿಯುಸಿ ಮುಗಿಸಿ ‘ಕಾನ್ಸೆಪ್ಟ್ ಆರ್ಟಿಸ್ಟ್ ಆಗುತ್ತೇನೆ, ಗೇಮ್‌ಗಳ ಪಾತ್ರ, ಲೋಕ ಕಲ್ಪಿಸಿ ಬರೆಯುತ್ತೇನೆ’ ಎಂದು ಕೋಣೆ ಸೇರಿದ್ದಾನೆ. ರಾತ್ರಿಯಿಡೀ ಬೆಳಕು. ಇದರಲ್ಲಿ ಅನ್ನ ಇದೆಯೇ? ನಾನು ಹಳೆಯ ಕಾಲದವನು, ತಿಳಿಸಿ ಹೇಳಿ.
– ನಿವೃತ್ತ ಮಾಸ್ತರ, ಅಂಕೋಲಾ

ಮಾಸ್ತರರೇ, ಅನ್ನ ಇದೆ, ಆದರೆ ತಿಂಗಳ ಒಂದನೇ ತಾರೀಖಿಗೆ ಬರುವುದಿಲ್ಲ. ಬೆಂಗಳೂರು, ಪುಣೆ, ಹೈದರಾಬಾದಿನ ಗೇಮ್ ಮತ್ತು ಆ್ಯನಿಮೇಷನ್ ಸ್ಟುಡಿಯೊಗಳಲ್ಲಿ ಸಂಬಳದ ಕೆಲಸವಿದೆ. ಮನೆಯಲ್ಲೇ ಕೂತು ಬರೆಯುವ ನನ್ನಂಥವರಿಗೆ ಮೊದಮೊದಲು ವರ್ಷದ ಆದಾಯ ಜೋಡಿಸಿದರೆ ಅಂಗಡಿಯ ಕೆಲಸದವರಿಗಿಂತ ಕಡಿಮೆಯೇ ಇರುತ್ತದೆ. ನಾನು ಡಿಟಿಪಿ ಕೆಲಸ ಬಹಳ ಕಾಲ ಬಿಡಲಿಲ್ಲ.

ಅವನು ಏನು ಬರೆಯುತ್ತಾನೆ ಎಂದು ನೀವು ಕೇಳಬೇಡಿ, ‘ಯಾರಿಗಾದರೂ ಒಂದು ತಾರೀಖಿಗೆ ಒಪ್ಪಿಕೊಂಡು ಬರೆದುಕೊಟ್ಟಿದ್ದೀಯಾ?’ ಎಂದು ಕೇಳಿ. ಇಲ್ಲವೆಂದರೆ ನಿಮ್ಮ ಪರಿಚಯದ ಯಾರದ್ದಾದರೂ ಮಕ್ಕಳ ಕಥೆ, ಊರ ನಾಟಕದ ಪೋಸ್ಟರ್ ಕೊಡಿಸಿ. ಪುಕ್ಕಟೆ ಬೇಡ, ಐನೂರೇ ಆಗಲಿ. ತಿದ್ದಲು ಹೇಳಿದಾಗ ಅವನ ಮುಖ ನೋಡಿ. ಸಿಟ್ಟು ಬಂದೂ ತಿದ್ದಿಕೊಟ್ಟರೆ ಈ ದಾರಿ ಅವನಿಗೆ ಹೊಂದುತ್ತದೆ. ಜೊತೆಗೆ ಫೈನ್ ಆರ್ಟ್ಸ್ ಪದವಿಗೆ ಹಾಕುವುದಾದರೆ ಮೈಸೂರು, ಬೆಂಗಳೂರು, ಧಾರವಾಡದಲ್ಲಿ ಕಾಲೇಜುಗಳಿವೆ. ಅಲ್ಲಿ ಡ್ರ್ಯಾಗನ್ ಕಲಿಸುವುದಿಲ್ಲ, ಮನುಷ್ಯನ ಮೈಕಟ್ಟು ಕಲಿಸುತ್ತಾರೆ, ಅದೇ ಬೇಕಾದದ್ದು. ರಾತ್ರಿ ನಿದ್ದೆ ಮಾಡಲಿಕ್ಕೆ ಮಾತ್ರ ಗಟ್ಟಿಯಾಗಿ ಹೇಳಿ. ಮಣಿಕಟ್ಟು ನೋವು ಹಿಡಿದರೆ ಚಿತ್ರ ನಿಂತಂತೆಯೇ.

*

ಪ್ರಶ್ನೆ: ಎಐ ಬಂದ ಮೇಲೆ ನಿಮ್ಮ ಕೆಲಸ ಕಡಿಮೆಯಾಗಿದೆಯೇ? ನಿಜ ಹೇಳಿ.
– ಓದುಗ, ಶಿರಸಿ

ಆಗಿದೆ. ಯೂಟ್ಯೂಬ್ ಕಥೆಗಳ ಚಿತ್ರ, ಸಣ್ಣ ಪ್ರಕಾಶಕರ ಮುಖಪುಟ, ಇವು ಹೆಚ್ಚುಕಡಿಮೆ ನಿಂತವು. ನನಗೆ ಅದರಿಂದ ಅಂಥ ಪೆಟ್ಟಿಲ್ಲ, ಹೊಸಬರಿಗಿದೆ. ಅವರು ಕೈ ಪಳಗಿಸಿಕೊಳ್ಳುತ್ತಿದ್ದದ್ದು ಅದೇ ಐನೂರು, ಸಾವಿರದ ಕೆಲಸಗಳಲ್ಲಿ. ಇದಕ್ಕೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ.

ಬೇರೆ ಕಡೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಕಂಪನಿ 2023ರಲ್ಲಿ, ತಮ್ಮ ಪುಸ್ತಕದ ಕೆಲವು ಚಿತ್ರಗಳಿಗೆ ಕಲಾವಿದರೊಬ್ಬರು ಎಐ ಬಳಸಿದ್ದು ತಿಳಿದ ಮೇಲೆ, ಕಲಾವಿದರು ಎಐ ಬಳಸಬಾರದು ಎಂದು ತನ್ನ ನಿಯಮದಲ್ಲೇ ಸೇರಿಸಿತು. ಇದರಿಂದ ನಮಗೆ ಆದ ಬದಲಾವಣೆ ಒಂದು. ಕಚ್ಚಾ ಗೆರೆ, ಒಂದರ ಮೇಲೊಂದು ಪದರ (ಲೇಯರ್) ಇರುವ ಮೂಲ ಫೈಲು, ನೋಡಿಕೊಂಡು ಬರೆದ ಫೋಟೊ, ಎಲ್ಲವನ್ನೂ ಜೋಪಾನ ಮಾಡಬೇಕು. ಯಾವಾಗ ಯಾರು ಪುರಾವೆ ಕೇಳುತ್ತಾರೋ ಹೇಳಲಾಗದು. ಬಂಗಡೆಯ ಸ್ಕೆಚ್ಚಿನ ಮೇಲೆ ಬಿದ್ದ ಮೀನಿನ ನೀರಿನ ಕಲೆಯನ್ನೂ ನಾನು ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ.

*

ಪ್ರಶ್ನೆ: ವಿದೇಶದಿಂದ ಹಣ ಬರುವಾಗ ತೆರಿಗೆಯ ತಕರಾರು ಇದೆಯೇ?
– ಚಿತ್ರಕಾರ, ಕುಮಟಾ

ಅಮೆರಿಕದವರು ಮೊದಲ ಕೆಲಸಕ್ಕೇ ಡಬ್ಲ್ಯು-8ಬಿಇಎನ್ ಎಂಬ ನಮೂನೆ ತುಂಬಲು ಕಳಿಸುತ್ತಾರೆ. ನೀವು ಅಮೆರಿಕದ ಪ್ರಜೆ ಅಥವಾ ನಿವಾಸಿ ಅಲ್ಲ ಎಂಬ ಹೇಳಿಕೆ ಅದು, ಹೆದರಬೇಡಿ. ಇಲ್ಲಿನ ಆದಾಯ ತೆರಿಗೆ ರಿಟರ್ನ್‌ನಲ್ಲಿ ಆ ಹಣ ತೋರಿಸಲೇಬೇಕು. ಸೇವೆ ಒದಗಿಸುವವರ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಅಗತ್ಯ ಬೀಳುವುದಿಲ್ಲ. ಅಷ್ಟು ದಾಟಿದ ದಿನ ನನಗೂ ಒಂದು ಪತ್ರ ಬರೆಯಿರಿ.

*

ಪ್ರಶ್ನೆ: ನಿಮ್ಮ ಹತ್ತಿರ ಚಿತ್ರ ತೋರಿಸಲು ಬರಬಹುದೇ?
– ಮೂವರು ಗೆಳತಿಯರು, ಶಿರಸಿ

ಬನ್ನಿ. ಈಗ ಕೊನೆಕೊಯ್ಲು, ಮನೆ ತುಂಬ ಅಡಿಕೆ, ಕೂರಲು ಜಾಗವಿಲ್ಲ. ಸುಲಿದು ಮುಗಿದ ಮೇಲೆ ಯಾವುದಾದರೂ ಭಾನುವಾರ ಬನ್ನಿ, ಪತ್ರಿಕೆಯ ಕಚೇರಿಗೆ ಮೊದಲು ಒಂದು ಸಾಲು ಬರೆದು ತಿಳಿಸಿ. ಮೊಬೈಲಿನಲ್ಲಿ ತೋರಿಸಬೇಡಿ, ಪ್ರಿಂಟ್ ತೆಗೆಸಿ ತನ್ನಿ. ಪರದೆಯಲ್ಲಿ ಉರಿಯುವ ನೀಲಿ-ಹಸಿರು ಕಾಗದಕ್ಕೆ ಬಂದಾಗ ಹೇಗೆ ಮಂಕಾಗುತ್ತದೆ ಎಂದು ಅಂಗಡಿಯಲ್ಲೇ ನೋಡಿಕೊಂಡು ಬಂದಿರುತ್ತೀರಿ, ನನಗೆ ಅರ್ಧ ಮಾತು ಉಳಿಯುತ್ತದೆ. ಒಬ್ಬೊಬ್ಬರು ಐದು ಚಿತ್ರ ತಂದರೆ ಸಾಕು.